ಪಟ್ಟಿಯೊಳಗಿನ ತಂಬಾಕು

ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಇಚಲಕರಂಜಿಯ ನಮ್ಮ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಮಧ್ಯಾಹ್ನ ಮಲಗಿದ್ದಾಗ, ಕಾಲಿನ ಹತ್ತಿರವೇ ಯಾರೋ ಪಚಪಚ ಅಗಿಯುವ ಸದ್ದು ಕೇಳಿತು. ಕಣ್ಣು ತೆರೆದರೆ ಯಾರೂ ಇಲ್ಲ. ಎಂಜಲಿನ ನಾತ ಮೂಗಿಗೆ ಬಡಿಯಿತು. ಸೊಸೆ ಕಾಂಚನಳನ್ನು ಕೂಗಿದೆ.

"ಅತ್ತ್ಯಾರ, ಪಟ್ಟಿ ಒಳಗ ಏನೋ ಉಬ್ಬೇತ್ರಿ," ಎಂದಳು.

ಆಸ್ಪತ್ರೆಯವರು ಬಿಗಿಯಾಗಿ ಅಂಟಿಸಿದ್ದ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿದಳು. ಹೊಲಿಗೆಯ ಉದ್ದಕ್ಕೂ ಅಗಿದ ತಂಬಾಕು ಮೆತ್ತಿಕೊಂಡಿತ್ತು. ಎಂಜಲು ಇನ್ನೂ ಬೆಚ್ಚಗಿತ್ತು.

"ಶೀ! ನಮ್ಮನ್ಯಾಗ ತಂಬಾಕ ಯಾರ ತಿಂತಾರ್ರಿ?"

ತಿನ್ನುತ್ತಿದ್ದವಳು ನನ್ನ ಅತ್ತೆ ಒಬ್ಬಳೇ. ಯಾರಿಗೆ ಗಾಯವಾದರೂ ಅಗಿದು ಹಚ್ಚುತ್ತಿದ್ದಳು. ಅವಳು ಸತ್ತು ಹನ್ನೊಂದು ವರ್ಷವಾಗಿದೆ.

ಗಾಯ ಎರಡೇ ದಿನದಲ್ಲಿ ಕೂಡಿತು. ಆದರೆ ಇವತ್ತಿಗೂ ಸ್ನಾನ ಮಾಡುವಾಗ ಆ ಮೊಣಕಾಲಿನಿಂದ ಕಂದು ನೀರು ಇಳಿಯುತ್ತದೆ.