ಹೊರಗಿನ ಚಿಲಕ

"ಇಲ್ಲಿ ಚಿಲಕ ಹಾಕೋಕೆ ಯಾರು ಹೇಳಿದ್ದು ನಿಮಗೆ?"

ಬಡಗಿ ಬೆಚ್ಚಿ ತಿರುಗಿದ. ಬಾಗಿಲಿನ ಹೊರಮೈಗೆ ಅವನು ನಾಲ್ಕನೆಯ ಸ್ಕ್ರೂ ಬಿಗಿದು ಮುಗಿಸಿದ್ದನಷ್ಟೇ. ಎದುರಿಗೆ ಒಬ್ಬ ಸಣಕಲು ಯುವತಿ ನಿಂತಿದ್ದಳು. ಕೈಯಲ್ಲಿದ್ದ ಬಟ್ಟೆಯ ಗಂಟು ಕೆಳಗೆ ಬಿದ್ದಿತ್ತು. ಕಣ್ಣು ಕೆಂಡ ಕಾರುತ್ತಿತ್ತು.

"ಒಳಗೊಂದು, ಹೊರಗೊಂದು ಹಾಕೋದು ನಮ್ಮ ಕೆಲಸದಲ್ಲಿ ವಾಡಿಕೆ..."

"ಹೊರಗಿಂದ ಯಾರಾದ್ರೂ ಹಾಕ್ಕೊಂಡು ಹೋದ್ರೆ ಒಳಗಿರೋರು ಏನು ಮಾಡ್ಬೇಕು?"

ತಾನು ಎಲ್ಲಿ ಕೆಲಸ ಮಾಡುತ್ತಿದ್ದೇನೆ ಎಂಬುದು ಬಡಗಿಗೆ ಆಗ ಹೊಳೆಯಿತು. ಕೆಲಸ ಸಿಗುವ ಆಸೆಯಲ್ಲಿ ಮೋಸಹೋಗಿ ಮಾರಾಟವಾದ ಹೆಣ್ಣುಮಕ್ಕಳನ್ನು ಬಿಡಿಸಿ ತಂದು ನೋಡಿಕೊಳ್ಳುವ ಆಸರೆಮನೆ ಅದು. ಅಲ್ಲಿನ ಯಾವ ಕೋಣೆಗೂ ಹೊರಗಿನ ಚಿಲಕ ಇರಲಿಲ್ಲ. ಕೈ ಅಭ್ಯಾಸದ ಪ್ರಕಾರ ಓಡಿತ್ತು, ತಲೆ ಓಡಿರಲಿಲ್ಲ!

ಅವನು ಸಮಜಾಯಿಷಿ ಕೊಡಲಿಲ್ಲ. ಮೂರು ಹೆಜ್ಜೆ ಹಿಂದೆ ಸರಿದು, ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟು ಅವಳ ಕಡೆ ಉರುಳಿಸಿದ.

"ತಪ್ಪಾಯ್ತು. ನಾನು ಬಿಚ್ಚಿದ್ರೆ ನಿಮಗೆ ನೆಮ್ಮದಿ ಆಗಲ್ಲ. ನೀವೇ ಬಿಚ್ಚಿ."

ಒಂದೂವರೆ ವರ್ಷ ಹೊರಗಿನಿಂದ ಚಿಲಕ ಬೀಳುವ ಸದ್ದನ್ನೇ ಕೇಳಿ ಬದುಕಿದ್ದವಳು ಅವಳು. ಹೊಲಿಗೆ ಕೆಲಸವಿದೆ ಎಂದು ಕರೆದುಕೊಂಡು ಹೋಗಿ ಮಾರಿದವನು ಬೇರೆ ಯಾರೂ ಅಲ್ಲ, ಸ್ವಂತ ಚಿಕ್ಕಪ್ಪ. ಈಗ ಒಂದೊಂದೇ ಸ್ಕ್ರೂ ಅವಳ ಅಂಗೈಗೆ ಬಿತ್ತು. ಕೊನೆಯದು ಬಿದ್ದಾಗ ಅವಳು ಅಳುತ್ತಿದ್ದಳು.

"ನಾಲ್ಕು ತೂತು ಉಳೀತಲ್ಲ..."

"ಮರದ ಪುಡಿಗೆ ಅಂಟು ಕಲಸಿ ತುಂಬಿದ್ರೆ ಮುಚ್ಕೊಳ್ಳತ್ತೆ. ಗುರುತು ಮಾತ್ರ ಉಳಿಯತ್ತೆ."

"ಉಳೀಲಿ ಬಿಡಿ."

ತೂತು ತುಂಬಿ ಹೊರಟಾಗ ಸ್ಕ್ರೂಡ್ರೈವರನ್ನು ಅವನು ವಾಪಸ್ ಕೇಳಲಿಲ್ಲ.

ಆಮೇಲೆ ಪ್ರತಿ ಶುಕ್ರವಾರ ಬಂದ. ಕಿಟಕಿ, ಕಪಾಟು, ಹೊಲಿಗೆ ಮೆಷೀನಿನ ಮೇಜು... ಎರಡು ಸಲ ಬಾಗಿಲು ತಟ್ಟಿ, ಮೂರು ಹೆಜ್ಜೆ ಹಿಂದೆ ಸರಿದು ನಿಲ್ಲುವನು. ಒಳಗಿನವರು ತೆರೆಯುವವರೆಗೂ ಕದಲುತ್ತಿರಲಿಲ್ಲ.

ಮೈಕಟ್ಟಿಗೂ ಮಾತಿನ ಮೊನೆಗೂ ಸೇರಿ ಅವಳಿಗೆ ಆಸರೆಮನೆಯ ಗೆಳತಿಯರು ಸೂಜಿ ಎಂದು ಹೆಸರಿಟ್ಟಿದ್ದರು. ಅವರ ಕಣ್ಣು ತಪ್ಪಿಸುವುದುಂಟೇ?

"ಏನೇ ಸೂಜಿ, ಮೂರು ವಾರದಿಂದ ನಿನ್ನ ಮೇಜಿನ ಒಂದೇ ಕಾಲು ರಿಪೇರಿ ಆಗ್ತಾ ಇದೆ?"

"ಕಾಲು ಸರಿ ಇಲ್ಲ, ಅದಕ್ಕೆ."

"ಮೇಜಿಂದೋ, ನಿಂದೋ? ಶುಕ್ರವಾರ ಬಂದ್ರೆ ನೆಲದ ಮೇಲೆ ನಿಲ್ಲಲ್ಲ!"

ಒಂದು ಶುಕ್ರವಾರ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು. ಚಿಕ್ಕಪ್ಪ, ಆ ಕೋಣೆ, ಅಲ್ಲಿಗೆ ಬಂದುಹೋದವರು... ಅವನು ಮರ ಉಜ್ಜುವ ಉಪ್ಪುಕಾಗದ ಹಿಡಿದ ಕೈಯನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕೇಳಿದ. ಹೊರಡುವಾಗ ಅವನ ಕಣ್ಣು ಕೆಂಪಾಗಿತ್ತು.

"ಮುಂದಿನ ಶುಕ್ರವಾರ ಬರ್ತೀನಿ," ಎಂದ.

ಬರಲಿಲ್ಲ.

ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಆಸರೆಮನೆಯನ್ನು ನಡೆಸುವ, ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯಾಕೆಯನ್ನು ಕೇಳಿದರೆ, "ಕೆಲಸ ಮಾಡೋರಿಗೆ ನೂರು ಊರು," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸಿದರು.

'ನನ್ನ ಕಥೆ ಕೇಳಿ ಹೋಗಿಬಿಟ್ಟ... ಹೋಗದೆ ಇನ್ನೇನು ಮಾಡ್ತಾನೆ?' ಎಂದುಕೊಂಡಳು ಸೂಜಿ. ಆದರೂ ಶುಕ್ರವಾರ ಬಂತೆಂದರೆ ಮೆಷೀನಿನ ಸದ್ದನ್ನು ಆಗಾಗ ನಿಲ್ಲಿಸಿ ಕಿವಿಗೊಡುವಳು. ಬೇರೆ ಯಾರೋ ಬಾಗಿಲು ತಟ್ಟಿದರೂ ಎದೆ ಹಾರುವುದು. ಕೋಣೆಗೆ ಬರುವಾಗ, ಹೋಗುವಾಗ ಬಾಗಿಲಿನ ಆ ನಾಲ್ಕು ಚುಕ್ಕೆಗಳ ಮೇಲೆ ಬೆರಳಾಡಿಸುವಳು. ತೂತು ಮುಚ್ಚಿದವನು ಮತ್ತೊಂದನ್ನು ಕೊರೆದು ಹೋಗಿದ್ದ.

ಹೀಗೆ ಏಳು ತಿಂಗಳು.

ನಡುವೆ ಚಿಕ್ಕಪ್ಪನ ಮೇಲಿನ ಕೇಸಿನಲ್ಲಿ ಅವಳು ಸಾಕ್ಷಿ ಹೇಳಿದಳು. ಎದುರಾಳಿ ವಕೀಲ ಕೆಣಕಿದ.

"ಯಾರೋ ಪ್ರಿಯಕರ ಹೇಳಿಕೊಟ್ಟ ಕಥೆ ಅಲ್ವೇನಮ್ಮ ಇದು? ಯಾರಾದರೂ ಇದ್ದಾರಾ?"

"ಯಾರೂ ಇಲ್ಲ," ಎಂದಳು. ಆ ಎರಡು ಮಾತು ಹೇಳುವಾಗ ಅವಳು ವಕೀಲನ ಮುಖವನ್ನೇ ನೇರವಾಗಿ ನೋಡಿದಳು. ಅದು ಸುಳ್ಳಲ್ಲವೆಂದು ಇಡೀ ಕೋರ್ಟಿಗೆ ತಿಳಿಯಿತು. ಚಿಕ್ಕಪ್ಪನಿಗೆ ಹತ್ತು ವರ್ಷ ಜೈಲಾಯಿತು.

ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಸಿಕ್ಕಿ, ಬಾಡಿಗೆ ಕೋಣೆಗೆ ಹೊರಡಲು ಅವಳು ಗಂಟುಮೂಟೆ ಕಟ್ಟುತ್ತಿದ್ದಾಗ ದೊಡ್ಡಮ್ಮ ಪಕ್ಕದಲ್ಲಿ ಬಂದು ಕುಳಿತರು.

"ಬಡಗೀನ ಬರಬೇಡ ಅಂದೋಳು ನಾನು ಮಗಳೇ. ಅವನ ವಿಷಯ ಗೊತ್ತಾಗಿದ್ರೆ ಆ ವಕೀಲ ಬಿಡ್ತಿರಲಿಲ್ಲ. ಅವನು ಕಾಯ್ತಿದ್ದಾನೆ ಅಂತ ಹೇಳಿದ್ರೆ ಕೋರ್ಟಲ್ಲಿ ಬಚ್ಚಿಡೋಕೆ ನಿನಗೆ ಬರ್ತಿರಲಿಲ್ಲ. ನಿನ್ನ ಒಳ್ಳೇದಕ್ಕೆ..."

ಸೂಜಿಯ ಕೈ ನಿಂತಿತು. ಅವನು ಓಡಿಹೋಗಿರಲಿಲ್ಲ! ಸಂತೋಷದ ಹಿಂದೆಯೇ ಸಿಟ್ಟೂ ಉಕ್ಕಿತು.

"ನನ್ನ ಒಳ್ಳೇದಕ್ಕೆ ಅಂತಾನೇ ಚಿಕ್ಕಪ್ಪನೂ ಕರ್ಕೊಂಡು ಹೋಗಿದ್ದು ದೊಡ್ಡಮ್ಮ. ನೀವು ಅವನಂಥೋರಲ್ಲ, ಗೊತ್ತು. ಆದ್ರೆ ನನ್ನನ್ನ ಕೇಳದೆ ನೀವೂ ಹೊರಗಿಂದ ಚಿಲಕ ಹಾಕಿದ್ರಿ."

"ತಪ್ಪಾಯ್ತು," ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡು ಅವನ ವಿಳಾಸ ಬರೆದುಕೊಟ್ಟರು. "ಜೊತೆಗೆ ಬರಲಾ?"

"ಬೇಡ. ನಾನೇ ಹೋಗ್ತೀನಿ."

ಎರಡು ಬಸ್ಸು, ಒಂದು ಅಪರಿಚಿತ ಬೀದಿ. ಅವಳು ಒಬ್ಬಳೇ ಇಷ್ಟು ದೂರ ಬಂದದ್ದು ಅದೇ ಮೊದಲು. ಅವನ ಮರಗೆಲಸದ ಕಾರ್ಖಾನೆಯ ಬಾಗಿಲು ತೆರೆದೇ ಇತ್ತು. ಆದರೂ ಅವಳು ಎರಡು ಸಲ ತಟ್ಟಿ, ಮೂರು ಹೆಜ್ಜೆ ಹಿಂದೆ ಸರಿದು ನಿಂತಳು.

ಒಳಗೆ ಮರ ಕೊಯ್ಯುವ ಸದ್ದು ನಿಂತಿತು. ತಲೆತುಂಬ ಮರದ ಪುಡಿ ಮೆತ್ತಿಕೊಂಡ ಬಡಗಿ ಹೊರಗೆ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ನನ್ನ ಕಥೆ ಕೇಳಿ ಓಡಿಹೋದ್ರಿ ಅಂದ್ಕೊಂಡಿದ್ದೆ," ಎಂದಳು.

"ಪ್ರತಿ ಶುಕ್ರವಾರ ನಿಮ್ಮ ಬೀದಿ ತುದಿವರೆಗೂ ಬರ್ತಿದ್ದೆ. ಮೆಷೀನಿನ ಸದ್ದು ಕೇಳ್ತಿತ್ತು. ಚೆನ್ನಾಗಿದ್ದೀರಿ ಅಂದ್ಕೊಂಡು ವಾಪಸ್ ಬರ್ತಿದ್ದೆ."

"ಚೆನ್ನಾಗಿರಲಿಲ್ಲ." ಅವಳ ಧ್ವನಿ ಒಡೆಯಿತು. "ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ನೀವು."

"ಕೇಳ್ಬೇಕಿತ್ತು. ತಪ್ಪಾಯ್ತು." ಅವನು ಹತ್ತಿರ ಬರಲಿಲ್ಲ. "ಈಗ ಕೇಳ್ತೀನಿ. ನಂಗೆ ನೀವು ಬೇಕು... ತುಂಬಾ ಬೇಕು. ನಿಮಗೂ ಹಾಗೆ ಅನ್ಸಿದ್ರೆ ಬರ್ತೀನಿ. ಇಲ್ಲ ಅಂದ್ರೆ ಇಲ್ಲೇ ಇರ್ತೀನಿ."

ಆ ಮೂರು ಹೆಜ್ಜೆಯನ್ನು ಸೂಜಿಯೇ ದಾಟಿದಳು. ಅವನ ಕೂದಲಿಗಂಟಿದ್ದ ಮರದ ಪುಡಿಯನ್ನು ಮೆಲ್ಲಗೆ ಕೊಡವಿದಳು.

"ಹೊಸ ರೂಮು ಹಿಡಿದಿದ್ದೀನಿ. ಬಾಗಿಲಿಗೆ ಹೊರಗಡೆ ಚಿಲಕ ಇದೆ."

"ಬಂದು ಬಿಚ್ಚಿಕೊಡ್ತೀನಿ."

ಅವಳು ಚೀಲದಿಂದ ಅವನದೇ ಹಳೆಯ ಸ್ಕ್ರೂಡ್ರೈವರ್ ತೆಗೆದು ತೋರಿಸಿದಳು.

"ಬಿಚ್ಚೋದು ನಾನು. ತೂತು ಮುಚ್ಚೋಕೆ ನೀವು ಬನ್ನಿ. ಶುಕ್ರವಾರ."

"ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ..."

ಅವಳು ಅಳುತ್ತಲೇ ನಕ್ಕಳು.

"ಏಳು ತಿಂಗಳು ನಾನು ಕಾದಿಲ್ವಾ? ನಾಲ್ಕು ದಿನ ನೀವು ಕಾಯಿರಿ."