ಬಿಗಿ ಜಡೆಯೂ ಚಕಮಕಿ ಕಲ್ಲೂ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಆಕಳಿಸುತ್ತಿದ್ದ ಕಾಲದಲ್ಲಿ, ಹೊಂಬೆಳಗು ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಕೇದಗೆಯನ್ನು ಸಾಕಿ ಬೆಳೆಸಿದವಳು ಅವಳ ಅಜ್ಜಿ, ಹಿರಿಯ ರಾಣಿ ಹೊನ್ನಾದೇವಿ. ಒಂದು ದಿನ ಮಂಜಿನ ಮಾಂತ್ರಿಕ ಶೀತಕೇತು ಒಂದೇ ಉಸಿರಿಗೆ ರಾಜ್ಯದ ಒಲೆಗಳನ್ನೆಲ್ಲ ಊದಿ ಆರಿಸಿಬಿಟ್ಟ. ಅಜ್ಜಿಯ ಪಾದ ಮಂಜುಗಡ್ಡೆಯಾಯಿತು. ಆ ಮಂಜು ಮೇಲೇರಿ ಎದೆ ಮುಟ್ಟಿದರೆ ಅಜ್ಜಿ ಉಳಿಯುವಂತಿರಲಿಲ್ಲ. ಮಾಂತ್ರಿಕನ ಗುಹೆಯ ಒಲೆಯಲ್ಲಿ ಯಾರಾದರೂ ಬೆಂಕಿ ಹೊತ್ತಿಸಿದರೆ ಮಾತ್ರ ಮಾಟ ಮುರಿಯುತ್ತಿತ್ತು.

ಕೇದಗೆ ಭಂಡಾರಕ್ಕೆ ಓಡಿ ಸೂರ್ಯಕಾಂತ ಮಣಿಯನ್ನೂ ಬೆಂಕಿಹಕ್ಕಿಯ ಗರಿಯನ್ನೂ ಆರಿಸಿಕೊಂಡಳು. ಹೊಳೆಯುವುದೆಂದರೆ ಈ ಹುಡುಗಿಗೆ ಮೊದಲಿನಿಂದಲೂ ಮರುಳು. ಅಜ್ಜಿ ಮಾತ್ರ ಒಂದು ಚಕಮಕಿ ಕಲ್ಲು, ಉಕ್ಕಿನ ತುಂಡು, ಸುಟ್ಟ ಅರಳೆ ತುಂಬಿದ ಬಿದಿರಿನ ಕೊಳವೆ ಕೊಟ್ಟಳು.

“ಇದನ್ನ ಸೊಂಟಕ್ಕೆ ಸಿಕ್ಕಿಸ್ಕೋ ಕೂಸೇ. ಕಿಡಿ ಹಾರಿದರೆ ಸಾಲದು, ಅದನ್ನ ಹಿಡಿಯೋ ಅರಳೆ ಒಣಗಿರಬೇಕು. ಕಾಡಿಗೆ ಹೋಗೋ ನಮ್ಮ ಹೆಂಗಸರು ಮೈಬಿಸಿಯಲ್ಲೇ ಇಟ್ಕೋತಾರೆ.”

“ರೇಷ್ಮೆಗೆ ಮಸಿ ಆಗುತ್ತೆ ಅಜ್ಜೀ!” ಎಂದು ಕೇದಗೆ ಎಲ್ಲವನ್ನೂ ಚೀಲಕ್ಕೆ ತುರುಕಿದಳು.

ಅಜ್ಜಿಗೆ ಮೊಮ್ಮಗಳ ಬುದ್ಧಿ ಗೊತ್ತಿಲ್ಲವೇ? ಕಾಲು ಮರಗಟ್ಟುತ್ತಿದ್ದರೂ ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದಳು.

“ಅಯ್ಯೋ, ನೋಯುತ್ತೆ!”

“ನೋಯಲಿ. ಸುಮ್ನೆ ಕೂತ್ಕೋ.”

ದಾರಿಯಲ್ಲಿ ಹೊಳೆ ಅಡ್ಡ ಬಂತು. ಮಾತಾಡುವ ಮೊಸಳೆಯೊಂದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊರಟಿತು. ನಡುನೀರಿನಲ್ಲಿ ಅದಕ್ಕೆ ಸೀನು ಬಂತು. ರಾಜಕುಮಾರಿ ಚೀಲದ ಸಮೇತ ಮುಳುಗೆದ್ದಳು. “ತಪ್ಪಾಯ್ತು ತಾಯಿ, ನೆಗಡಿ,” ಎಂದಿತು ಮೊಸಳೆ.

ಗುಹೆಯ ಒಲೆಯಲ್ಲಿ ಸೌದೆಯಿತ್ತು. ಶೀತಕೇತು ಪಕ್ಕದಲ್ಲೇ ಕುಳಿತು, “ಹೊತ್ತಿಸಮ್ಮ, ನೋಡೋಣ,” ಎಂದು ಹಲ್ಲುಕಿರಿದ.

ಕೇದಗೆ ಮಣಿಯನ್ನು ಹಿಡಿದಳು. ಗುಹೆಯಲ್ಲಿ ಬಿಸಿಲಿರಲಿಲ್ಲ, ಮಣಿ ಸುಮ್ಮನಿತ್ತು. ಗರಿಯನ್ನು ಹಿಡಿದಳು. ಮಾಂತ್ರಿಕ ಸಿಳ್ಳೆ ಹಾಕಿದ. ಗರಿ ಅವನ ಕಡೆಗೇ ಹಾರಿಹೋಯಿತು. ಚಕಮಕಿಯನ್ನು ಒರೆಸಿ ಉಕ್ಕಿಗೆ ಹೊಡೆದಳು. ಕಿಡಿಗಳೇನೋ ಚಟಚಟ ಹಾರಿದವು, ಕೊಳವೆಯ ಅರಳೆ ಮಾತ್ರ ತೊಪ್ಪೆಯಾಗಿತ್ತು. ಕಿಡಿಗಳೆಲ್ಲ ಅದರ ಮೇಲೆ ಬಿದ್ದು ಸತ್ತವು.

ಅಜ್ಜಿಯ ಎದೆಗೆ ಮಂಜು ಮುಟ್ಟಿತೋ ಏನೋ ಎಂದು ಕೇದಗೆಗೆ ಅಳು ಒತ್ತರಿಸಿ ಬಂತು. ಅಳು ಬಂದಾಗ ಜಡೆ ಹಿಂಡುವುದು ಅವಳ ಚಿಕ್ಕಂದಿನ ಚಾಳಿ. ಹಿಂಡಿದಾಗ ಬೆರಳಿಗೆ ಏನೋ ಗಂಟು ಸಿಕ್ಕಿತು. ಬಿಚ್ಚಿದರೆ, ಮೇಣದ ಬಟ್ಟೆಯಲ್ಲಿ ಸುತ್ತಿದ ಹಿಡಿ ಅರಳೆ! ಒಂದು ಹನಿ ನೀರೂ ಒಳಗೆ ಇಳಿದಿರಲಿಲ್ಲ.

ಕಿಡಿ ಬಿತ್ತು. ಅರಳೆ ಕೆಂಪಾಯಿತು. ಕೇದಗೆ ಮೆಲ್ಲಗೆ ಊದಿದಳು. ಒಲೆ ಹೊತ್ತಿಕೊಂಡಿತು. ಹಲ್ಲುಕಿರಿಯುತ್ತಿದ್ದ ಶೀತಕೇತು ಕರಗಿ ನೀರಾಗಿ ಹರಿದುಹೋದ. ರಾಜ್ಯದ ಒಲೆಗಳೆಲ್ಲ ತಾವೇ ಉರಿದವು.

ಕೇದಗೆ ಓಡಿಬಂದಾಗ ಅಜ್ಜಿ ಒಲೆಯ ಮುಂದೆ ಕಾಲು ಚಾಚಿ ಕುಳಿತಿದ್ದಳು.

“ಚೀಲಕ್ಕೇ ಹಾಕ್ಕೊಂಡೆ ಅಲ್ವೇನೇ?”

ಕೇದಗೆ ಅಜ್ಜಿಯನ್ನು ತಬ್ಬಿ ಮನಸಾರೆ ಅತ್ತಳು.

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಬೆಚ್ಚಗೆ, ನೆಮ್ಮದಿಯಾಗಿ ಬಾಳಿದರು. ಮೊಸಳೆಗೂ ದಿನಾ ಬಿಸಿ ಕಷಾಯ ಹೋಗುತ್ತಿತ್ತು. ಕೇದಗೆ ಮಾತ್ರ ದಿನವೂ ಬೆಳಗ್ಗೆ ಬಾಚಣಿಗೆ ಹಿಡಿದು ಅಜ್ಜಿಯ ಮುಂದೆ ತಾನಾಗಿಯೇ ಬಂದು ಕೂರುತ್ತಿದ್ದಳು.

“ಇನ್ನೂ ಸ್ವಲ್ಪ ಬಿಗಿಯಾಗಿ ಅಜ್ಜೀ,” ಎನ್ನುತ್ತಿದ್ದಳು.