ಹನ್ನೆರಡನೆಯ ಕಿಟಕಿ

ಚೂಟಿ ಎರಡೂ ಕೈ ಅಗಲಿಸಿ ಕಿಟಕಿಗೆ ಅಡ್ಡ ನಿಂತುಬಿಟ್ಟಳು. ಚಿಕ್ಕಮ್ಮನ ಕೈಯಲ್ಲಿದ್ದ, ಬಣ್ಣ ಕೆರೆಯುವ ಸ್ಕ್ರೇಪರ್ ಅವಳ ಮೂಗಿನ ಮುಂದೆಯೇ ನಿಂತಿತು.

“ಇದೊಂದು ಗಾಜು ಬಿಟ್ಬಿಡು ಚಿಕ್ಕಮ್ಮ.”

“ಸರಿ ಆಚೆ. ನಾಳೆ ಪುಸ್ತಕದ ಕಪಾಟು ಬರ್ತವೆ. ಅಷ್ಟರಲ್ಲಿ ಹನ್ನೆರಡು ಕಿಟಕಿನೂ ಪಳಪಳ ಅನ್ನಬೇಕು.”

ಚಿಕ್ಕಮ್ಮ ಪೇಂಟರ್. ಹೆಣ್ಣುಮಕ್ಕಳ ಹಳೆಯ ಸ್ಕೂಲು ಈಗ ಲೈಬ್ರರಿ ಆಗುತ್ತಿತ್ತು. ಬೀದಿ ಕಡೆಯ ಗಾಜಿಗೆಲ್ಲ ಆಗಿನ ಕಾಲದಲ್ಲೇ ತಲೆಯೆತ್ತರದವರೆಗೆ ಹಸಿರು ಬಣ್ಣ ಬಳಿದಿದ್ದರು. ಪಾಠದ ಹೊತ್ತಿನಲ್ಲಿ ಹುಡುಗಿಯರ ಕಣ್ಣು ಬೀದಿಗೆ ಹೋಗಬಾರದು ಎಂದು. ಹನ್ನೊಂದು ಕಿಟಕಿ ಕೆರೆದಾಗಿತ್ತು. ಹನ್ನೆರಡನೆಯದರ ಬಣ್ಣದಲ್ಲಿ ಮಾತ್ರ ಕಡಲೆಕಾಳಿನಷ್ಟು ಒಂದು ತೂತಿತ್ತು.

ಅದು ಅಜ್ಜಿಯ ಕೈಕೆಲಸ. ಇದೇ ಕೋಣೆಯಲ್ಲಿ ಓದುವಾಗ ಮೂರು ದಿನ ಹೇರ್‌ಪಿನ್ನಿನಲ್ಲಿ ಕೆರೆದಿದ್ದಳಂತೆ. ಟೀಚರ್ ಬೋರ್ಡಿನ ಕಡೆ ತಿರುಗಿದಾಗ ಒಬ್ಬೊಬ್ಬರೇ ಕಣ್ಣಿಟ್ಟು, ಹತ್ತು ಎಣಿಸುವಷ್ಟರಲ್ಲಿ ನೋಡಿ ಮುಗಿಸಬೇಕು. ಕಂಡದ್ದು ಪಿಸುಮಾತಿನಲ್ಲಿ ಕೊನೆಯ ಬೆಂಚಿನವರೆಗೂ ಹೋಗಬೇಕು. ಒಮ್ಮೆ ಒಬ್ಬಳು ಬೀದಿಯಲ್ಲಿ ಒಂಟೆ ಬಂದಿದೆ ಎಂದು ಬುರುಡೆ ಬಿಟ್ಟಳಂತೆ. ಇಡೀ ಕ್ಲಾಸು ದಡಕ್ಕನೆ ಎದ್ದು ನಿಂತು ಬೈಸಿಕೊಂಡಿತಂತೆ. ಯಾಕೆ ಎದ್ದಿರಿ ಎಂದರೆ ಯಾರೂ ತುಟಿ ಬಿಚ್ಚಲಿಲ್ಲವಂತೆ.

ಚೂಟಿ ಹೇಳುವವರೆಗೆ ತನ್ನಮ್ಮನ ಈ ಪುಂಡಾಟ ಚಿಕ್ಕಮ್ಮನಿಗೇ ಗೊತ್ತಿರಲಿಲ್ಲ. ನಕ್ಕೂ ನಕ್ಕೂ ಸ್ಕ್ರೇಪರ್ ಕೆಳಗಿಟ್ಟಳು.

“ನಿಮ್ಮಜ್ಜಿ ಹ್ಞೂಂ ಅಂದ್ರೆ ಬಿಡ್ತೀನಿ. ಹೋಗಿ ಕರ್ಕೊಂಡು ಬಾ.”

ಚೂಟಿ ಬಿದ್ದೆನೋ ಎದ್ದೆನೋ ಎಂದು ಓಡಿದಳು. ಅಜ್ಜಿಯ ಕೈ ಹಿಡಿದು ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು: ಗಾಜಿನ ಕೆಳಗೆ ಅಜ್ಜಿಯ ಹೆಸರಿನ ಬೋರ್ಡು ಹಾಕಿಸುವುದು, ಜನ ಕ್ಯೂ ನಿಂತು ನೋಡುವುದು.

ತೂತು ಈಗ ಅಜ್ಜಿಯ ಎದೆಮಟ್ಟಕ್ಕಿತ್ತು. ಸೊಂಟ ಹಿಡಿದುಕೊಂಡು ಬಗ್ಗಿ ಕಣ್ಣಿಟ್ಟಳು.

“ಏನು ಕಾಣ್ಸುತ್ತಜ್ಜಿ?”

“ಸೈಕಲ್ಲಿನ ಅರ್ಧ ಚಕ್ರ. ಆವಾಗ್ಲೂ ಇಷ್ಟೇ ಕಣೇ ಕಾಣ್ತಿದ್ದದ್ದು.”

ಆಮೇಲೆ ಅಜ್ಜಿ ಪಕ್ಕದ ಕಿಟಕಿಗೆ ಹೋದಳು. ಕೆರೆದು, ತೊಳೆದು, ಒರೆಸಿದ ಕಿಟಕಿ. ಕಟ್ಟೆಯ ಮೇಲೆ ಎರಡೂ ಮೊಣಕೈ ಊರಿದಳು. ಹಣ್ಣಿನ ಗಾಡಿಯವನು ಕೊಡೆ ಬಿಚ್ಚುತ್ತಿದ್ದ. ನಾಯಿಯೊಂದು ಯಾರದೋ ಚಪ್ಪಲಿ ಕಚ್ಚಿಕೊಂಡು ಓಡಿತು, ಹಿಂದೆ ಒಂಟಿ ಚಪ್ಪಲಿಯಲ್ಲಿ ಒಬ್ಬ ಓಡಿದ. ಅಜ್ಜಿ ನೋಡಿದಳು, ನೋಡುತ್ತಲೇ ಇದ್ದಳು. ಬಂದ ಕೆಲಸವೇ ಮರೆತುಹೋದಂತಿತ್ತು.

ಚೂಟಿ ಬೀದಿ ನೋಡಲಿಲ್ಲ. ಬಿಸಿಲು ಬಿದ್ದ ಅಜ್ಜಿಯ ಮುಖ ನೋಡಿದಳು. ಬೋರ್ಡಿನ ಮಾತು ಅವಳ ಬಾಯಲ್ಲೇ ಉಳಿಯಿತು. ಆದರೂ ಅಜ್ಜಿಯ ಬಾಯಿಂದಲೇ ಕೇಳೋಣವೆಂದು ಮೆಲ್ಲಗೆ ಕೇಳಿದಳು.

“ಅಜ್ಜಿ, ಆ ಗಾಜು ನಿನಗೋಸ್ಕರ ಹಾಗೇ ಇಟ್ಕೊಳ್ಳೋಣ್ವಾ?”

ಅಜ್ಜಿ ಬೀದಿಯಿಂದ ಕಣ್ಣು ತೆಗೆಯಲಿಲ್ಲ.

“ಬೇಡ. ಕೆರೆದುಹಾಕಿ.”